ಜಿಂಕೆ ಅಂದರೆ ಯಾವ ಜಿಂಕೆ? ಚಿಗರಿಯನ್ನು ಚಿಗರಿ ಅಂತಲೇ ಬರೆಯೋಣ

ಕಳೆದ ಮುಂಗಾರಿನ ಒಂದು ಬೆಳಿಗ್ಗೆ ನಮ್ಮ ವಾಟ್ಸ್‌ಆ್ಯಪ್‌ಗೆ ಒಂದು ಫೋಟೊ ಬಂತು. ಸೇಡಂ ಮತ್ತು ಚಿತ್ತಾಪುರದ ನಡುವಿನ ರಸ್ತೆಯಲ್ಲಿ ವಾಹನ ಬಡಿದು ಒಂದು ಪ್ರಾಣಿ ಸತ್ತು ಬಿದ್ದಿತ್ತು. ಬೇಗ ಸುದ್ದಿ ಕಳಿಸಬೇಕಿತ್ತು. 'ಕಾಡಿನಿಂದ ನಾಡಿಗೆ ಬಂದ ಜಿಂಕೆ ವಾಹನಕ್ಕೆ ಬಲಿ' ಅಂತ ಬರೆದೆವು. ನಾಲ್ಕು ಸಾಲು, ಒಂದು ಫೋಟೊ, ಮುಗಿಯಿತು.

ಮಧ್ಯಾಹ್ನ ಆ ಕಡೆಯ ಹಿರಿಯ ರೈತರೊಬ್ಬರು ಫೋನ್ ಮಾಡಿದರು.

"ಸುದ್ದಿ ಬರದವ್ರು ನೀವೇ ಏನ್ರಿ? ಅದು ಜಿಂಕಿ ಅಲ್ರಿ, ಚಿಗರಿ. ಮತ್ತ ಯಾವ ಕಾಡಿಂದ ಬಂತ್ರಿ ಅದು? ನಮ್ಮ ಹೊಲದಾಗೇ ಹುಟ್ಟ್ಯದ, ನಮ್ಮ ಹೊಲದಾಗೇ ಬೆಳದದ. ನಮ್ಮಪ್ಪನ ಕಾಲದಿಂದ ಅಲ್ಲೇ ಅದಾವ."

"ಎಲ್ಲಾ ಒಂದೇ ಅಲ್ಲೇನ್ರಿ ಕಾಕಾ?" ಅಂದೆವು.

"ಆಡು, ಕುರಿ ಒಂದೇ ಏನೋ ತಮ್ಮಾ?" ಅಂದರು ಕಾಕಾ.

ಆಗ ನಕ್ಕು ಫೋನ್ ಇಟ್ಟೆವು. ಆಮೇಲೆ ನಮ್ಮ ಹಳೆಯ ಸುದ್ದಿಗಳನ್ನು ತೆಗೆದು ನೋಡಿದೆವು. ಹೆಸರಿನ ಬೆಳೆ ತಿಂದದ್ದೂ ಜಿಂಕೆ, ಬಾವಿಗೆ ಬಿದ್ದದ್ದೂ ಜಿಂಕೆ, ನಾಯಿ ಕಚ್ಚಿ ಸತ್ತದ್ದೂ ಜಿಂಕೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲ ಕಡೆಯಿಂದಲೂ ನಾವು ಬರೆದದ್ದು ಅದೊಂದೇ ಹೆಸರು. ಫೋಟೊಗಳಲ್ಲಿ ಇದ್ದದ್ದು ಮಾತ್ರ ಬಹುಪಾಲು ಚಿಗರಿ. ನಮ್ಮೂರಿನ ಜನಕ್ಕೆ ಗೊತ್ತಿದ್ದ ಹೆಸರನ್ನು ಬಿಟ್ಟು ಗೋಡೆ ಮೇಲಿನ ವರ್ಣಮಾಲೆಯ ಹೆಸರನ್ನು ನಾವೇ ಹಿಡಿದುಕೊಂಡಿದ್ದೆವು.

ಇದು ಬರೀ ಹೆಸರಿನ ಜಗಳ ಅಲ್ಲ. ಹೆಸರು ತಪ್ಪಿದಾಗ ಹೊಲ ತಪ್ಪುತ್ತದೆ, ಕಾನೂನು ತಪ್ಪುತ್ತದೆ, ಪರಿಹಾರದ ದಾರಿಯೂ ತಪ್ಪುತ್ತದೆ. ಅದಕ್ಕೇ ಈ ಬರಹ.

ಮೊದಲು ಪ್ರಾಣಿಗಳನ್ನೇ ನೋಡೋಣ. ಕನ್ನಡದಲ್ಲಿ ಜಿಂಕೆ ಅನ್ನುವುದು ದೊಡ್ಡ ಚೀಲದಂಥ ಮಾತು. ಅದರೊಳಗೆ ಹಲವು ಪ್ರಾಣಿ ಕೂತಿವೆ. ಶಾಲೆಯ ಗೋಡೆ ಮೇಲೆ ನಾವು ನೋಡುವುದು ಚುಕ್ಕೆ ಜಿಂಕೆ. ಕೆಂಪು ಮೈ ಮೇಲೆ ಬಿಳಿ ಚುಕ್ಕೆ, ಗಂಡಿಗೆ ಕವಲೊಡೆದ ಕೊಂಬು. ಆ ಕೊಂಬು ಕಾಲಕಾಲಕ್ಕೆ ಉದುರಿ ಮತ್ತೆ ಹುಟ್ಟುತ್ತದೆ. ಬಂಡೀಪುರ, ನಾಗರಹೊಳೆಗೆ ಹೋದವರು ಹಿಂಡುಗಟ್ಟಲೆ ನೋಡಿರುತ್ತಾರೆ. ಅದಕ್ಕೆ ಗಿಡಮರದ ನೆರಳು ಬೇಕು, ಹತ್ತಿರದಲ್ಲಿ ನೀರು ಬೇಕು.

ಕಡವೆ ಅದಕ್ಕಿಂತ ಬಹಳ ದೊಡ್ಡದು. ಕಂದು ಮೈ, ಚುಕ್ಕೆ ಇಲ್ಲ. ಹಿಂದಿಯಲ್ಲಿ ಸಾಂಬರ್ ಅನ್ನುತ್ತಾರೆ. ಅದರ ಕೊಂಬೂ ಕವಲೊಡೆಯುತ್ತದೆ, ಉದುರುತ್ತದೆ.

ಚಿಗರಿ ಇವೆರಡೂ ಅಲ್ಲ. ಗಂಡಿನ ಕೊಂಬು ಹಗ್ಗ ಹೊಸೆದ ಹಾಗೆ ಸುರುಳಿ ಸುರುಳಿಯಾಗಿ ಮೇಲಕ್ಕೆ ಹೋಗುತ್ತದೆ. ಕವಲಿಲ್ಲ. ಸಾಯುವವರೆಗೆ ಉದುರುವುದಿಲ್ಲ, ದನ ಕುರಿಗಳ ಕೊಂಬಿನ ಹಾಗೆಯೇ. ಗಂಡು ವಯಸ್ಸಿಗೆ ಬಂದಂತೆ ಮೇಲ್ಮೈ ಕಪ್ಪಾಗುತ್ತದೆ, ಹೊಟ್ಟೆ ಬಿಳಿಯಾಗಿಯೇ ಉಳಿಯುತ್ತದೆ. ಹೆಣ್ಣು ಮತ್ತು ಮರಿಗಳು ತಿಳಿಗಂದು. ಅದಕ್ಕೇ ಒಂದೇ ಹಿಂಡಿನಲ್ಲಿ ಕರಿಯದನ್ನೂ ಕೆಂಚನೆಯದನ್ನೂ ಕಂಡವರು ಎರಡು ಜಾತಿ ಅಂದುಕೊಳ್ಳುವುದುಂಟು. ಎರಡೂ ಒಂದೇ. ಸರ್ಕಾರದ ಕಾಗದದಲ್ಲಿ ಇದರ ಹೆಸರು ಕೃಷ್ಣಮೃಗ.

ಪ್ರಾಣಿಶಾಸ್ತ್ರದವರು ಚುಕ್ಕೆ ಜಿಂಕೆ, ಕಡವೆಗಳನ್ನು ಒಂದು ಕುಟುಂಬಕ್ಕೆ ಸೇರಿಸುತ್ತಾರೆ. ಚಿಗರಿಯನ್ನು ಸೇರಿಸುವುದು ದನ, ಆಡು, ಕುರಿಗಳ ಕುಟುಂಬಕ್ಕೆ. ಅಂದರೆ ಚಿಗರಿಗೆ ಚುಕ್ಕೆ ಜಿಂಕೆಗಿಂತ ನಿಮ್ಮ ಕೊಟ್ಟಿಗೆಯ ಆಡೇ ಹತ್ತಿರದ ಸಂಬಂಧಿ. ಕಾಕಾ ಸಿಟ್ಟಿನಲ್ಲಿ ಆಡು, ಕುರಿ ಅಂದದ್ದು ಶಾಸ್ತ್ರಕ್ಕೂ ಹತ್ತಿರವೇ ಇತ್ತು.

ದೊಡ್ಡ ದೊಡ್ಡ ಪಂಡಿತರಿಗೂ ಇಲ್ಲಿ ಗೊಂದಲ ಆಗಿದೆ. ಜಗತ್ತಿನ ಪ್ರಾಣಿಗಳಿಗೆಲ್ಲ ಲ್ಯಾಟಿನ್ ಹೆಸರಿಡುವ ಪದ್ಧತಿ ತಂದವರು ಸ್ವೀಡನ್ ದೇಶದ ಲಿನೇಯಸ್. 1758ರಲ್ಲಿ ಅವರು ಚಿಗರಿಗೆ ಇಟ್ಟ ಹೆಸರಿನಲ್ಲಿ 'ಸರ್ವಿಕಾಪ್ರ' ಎಂಬ ಮಾತಿದೆ. ಸರ್ವಸ್ ಅಂದರೆ ಜಿಂಕೆ, ಕಾಪ್ರ ಅಂದರೆ ಆಡು. ಎರಡನ್ನೂ ಕೂಡಿಸಿ 'ಜಿಂಕೆ-ಆಡು' ಮಾಡಿದರು. ಇವತ್ತಿಗೂ ಅದರ ಶಾಸ್ತ್ರೀಯ ಹೆಸರು ಆಂಟಿಲೋಪ್ ಸರ್ವಿಕಾಪ್ರ.

ಹೀಗೆ ಒಂದೇ ಹೆಸರು ಹಲವು ಪ್ರಾಣಿಗಳ ಮೇಲೆ ಕೂರುವುದು ಕನ್ನಡದಲ್ಲಿ ಮಾತ್ರ ಅಂತ ತಿಳಿಯಬೇಡಿ. ಇಂಗ್ಲಿಷಿನಲ್ಲಿ 'ಎಲ್ಕ್' ಅಂತ ಒಂದು ಮಾತಿದೆ. ಯುರೋಪಿನಲ್ಲಿ ಎಲ್ಕ್ ಅಂದರೆ ಕುದುರೆಗಿಂತ ಎತ್ತರದ, ಹಲಗೆಯಂತೆ ಅಗಲ ಕೊಂಬಿನ ಒಂದು ಭಾರಿ ಪ್ರಾಣಿ. ಬ್ರಿಟನ್ನಿನಲ್ಲಿ ಆ ಪ್ರಾಣಿ ಸಾವಿರಾರು ವರ್ಷಗಳ ಹಿಂದೆಯೇ ಇಲ್ಲವಾಗಿತ್ತು. ಹೆಸರು ಉಳಿದಿತ್ತು, ಕಣ್ಣಾರೆ ಕಂಡವರು ಕಡಿಮೆ. ಅಂಥ ಇಂಗ್ಲಿಷರು ಅಮೆರಿಕಕ್ಕೆ ಹೋದಾಗ ಅಲ್ಲಿ ಕಂಡ ಬೇರೊಂದು ದೊಡ್ಡ ಜಿಂಕೆಗೆ ಎಲ್ಕ್ ಅಂದುಬಿಟ್ಟರು. ನಿಜವಾದ ಎಲ್ಕ್ ಅಮೆರಿಕದಲ್ಲೂ ಇತ್ತು. ಅದಕ್ಕೆ ಅಲ್ಲಿನ ಮೂಲನಿವಾಸಿಗಳ ಮಾತಿನಿಂದ 'ಮೂಸ್' ಎಂಬ ಹೆಸರು ಬಂತು.

ಅದೇ ಇಂಗ್ಲಿಷರು ದಕ್ಷಿಣ ಭಾರತಕ್ಕೂ ಸಿಲೋನಿಗೂ ಬಂದರು. ಇಲ್ಲಿ ಬೇಟೆಗೆ ಹೋದಾಗ ಸಿಕ್ಕ ದೊಡ್ಡ ಪ್ರಾಣಿ ನಮ್ಮ ಕಡವೆ. ಅದನ್ನೂ ಎಲ್ಕ್ ಅಂದರು. 19ನೇ ಶತಮಾನದ ಬೇಟೆಯ ಪುಸ್ತಕಗಳಲ್ಲಿ ಸಿಲೋನಿನ ಎಲ್ಕ್ ಹೊಡೆದೆವು ಅಂತ ಬರೆದಿದ್ದರೆ ಅದು ಕಡವೆ. ಹೀಗೆ ಮೂರು ಖಂಡಗಳ ಮೂರು ಪ್ರಾಣಿಗೆ ಒಂದೇ ಹೆಸರು.

ಅವರ ತಪ್ಪು ಇಷ್ಟೇ. ಹೊಸ ಊರಿಗೆ ಹೋದಾಗ ಅಲ್ಲಿನವರು ಏನಂತಾರೆ ಅಂತ ಕೇಳಲಿಲ್ಲ, ತಮ್ಮ ಚೀಲದಲ್ಲಿದ್ದ ಹೆಸರನ್ನೇ ತೆಗೆದು ಇಟ್ಟರು. ನಾವು ವರದಿಗಾರರು ಮಾಡುತ್ತಿರುವುದೂ ಅದನ್ನೇ. ಅವರಾದರೂ ಪರದೇಶದವರು. ನಾವು ಇಲ್ಲೇ ಹುಟ್ಟಿದವರು.

ಇನ್ನು ನಮ್ಮ ಗಡಿಯನ್ನೇ ನೋಡಿ. ಸೇಡಂ, ಚಿಂಚೋಳಿ ದಾಟಿದರೆ ತೆಲಂಗಾಣ. ಅಲ್ಲಿ ತೆಲುಗಿನವರು 'ಜಿಂಕ' ಅನ್ನುತ್ತಾರೆ. ಆಂಧ್ರಪ್ರದೇಶದ ರಾಜ್ಯ ಪ್ರಾಣಿ 'ಕೃಷ್ಣ ಜಿಂಕ', ಅಂದರೆ ನಮ್ಮ ಚಿಗರಿ. 2014ರಲ್ಲಿ ರಾಜ್ಯ ಎರಡಾದ ಮೇಲೆ ತೆಲಂಗಾಣವೂ ಜಿಂಕವನ್ನೇ ತನ್ನ ರಾಜ್ಯ ಪ್ರಾಣಿ ಮಾಡಿಕೊಂಡಿತು. ಆದರೆ ಅದು ಚುಕ್ಕೆ ಜಿಂಕೆ. ಅಕ್ಕಪಕ್ಕದ ಎರಡು ರಾಜ್ಯ, ಹೆಸರಿನ ಕೊನೆಗೆ ಅದೇ ಜಿಂಕ, ಪ್ರಾಣಿ ಮಾತ್ರ ಬೇರೆ ಬೇರೆ. ಶಹಾಬಾದ್, ವಾಡಿಯ ಉರ್ದು ಮನೆಗಳಲ್ಲಿ ಕೇಳಿದರೆ 'ಹಿರನ್' ಅನ್ನುತ್ತಾರೆ. ಅದರೊಳಗೂ ಎಲ್ಲವೂ ಬರುತ್ತವೆ.

ಆದ್ದರಿಂದ ಜಿಂಕೆ ಅನ್ನುವವರು ದಡ್ಡರು, ಚಿಗರಿ ಅನ್ನುವವರು ಜಾಣರು ಅಂತ ನಾವು ಹೇಳುತ್ತಿಲ್ಲ. ಗಡಿಯ ಹಳ್ಳಿಯಲ್ಲಿ ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಆಡುವ ಅಜ್ಜಿ ಚಿಗರಿಯನ್ನು ಜಿಂಕ ಅಂದರೆ ಅದು ತಪ್ಪಲ್ಲ. ಅವರ ಊರಲ್ಲಿ ಆ ಮಾತಿಗೆ ಯಾವ ಪ್ರಾಣಿ ಅಂತ ಎಲ್ಲರಿಗೂ ಗೊತ್ತು. ಹೆಸರು ತನ್ನ ಊರಲ್ಲಿ ಇರುವವರೆಗೆ ಸರಿಯಾಗೇ ಇರುತ್ತದೆ. ಊರು ಬಿಟ್ಟು ಪೇಪರಿಗೆ, ಆಫೀಸಿಗೆ, ಬೆಂಗಳೂರಿಗೆ ಹೋದಾಗ ಅದು ಬೇರೆ ಪ್ರಾಣಿ ಆಗುತ್ತದೆ.

ನಮ್ಮ ಫರಸಿ ಕಲ್ಲಿನ ಕಥೆಯೂ ಹೀಗೆಯೇ. ವಾಡಿ, ಚಿತ್ತಾಪುರ, ಸೇಡಂ ಕಡೆಯ ಗಣಿಯಲ್ಲಿ ತೆಗೆದ ಕಲ್ಲೂ ಹೊರಗೆ ಹೋದರೆ 'ಶಹಾಬಾದ್ ಕಲ್ಲು'. ಗಡಿಯಾಚೆ ತಾಂಡೂರಿನಲ್ಲಿ ತೆಗೆದರೆ 'ತಾಂಡೂರು ಕಲ್ಲು'. ಕಲ್ಲಿಗೆ ಹೆಸರು ಬದಲಾದರೆ ಮನೆಯ ನೆಲಕ್ಕೇನೂ ತೊಂದರೆ ಇಲ್ಲ. ಪ್ರಾಣಿಯ ಹೆಸರು ಬದಲಾದರೆ ತೊಂದರೆ ಇದೆ.

ಮೊದಲ ತೊಂದರೆ 'ಕಾಡಿನಿಂದ ನಾಡಿಗೆ' ಎಂಬ ಮಾತಿನಲ್ಲೇ ಇದೆ. ಚುಕ್ಕೆ ಜಿಂಕೆ ಕಾಡಿನ ಅಂಚಿನಿಂದ ಹೊಲಕ್ಕೆ ಇಳಿಯಬಹುದು. ಅದಕ್ಕೆ ಆ ತಲೆಬರಹ ಹೊಂದುತ್ತದೆ. ಚಿಗರಿಗೆ ಹೊಂದುವುದಿಲ್ಲ. ಚಿಗರಿಗೆ ಬೇಕಾದದ್ದು ದಟ್ಟ ಕಾಡಲ್ಲ, ಬಯಲು. ಕಣ್ಣಿಗೆ ದೂರದವರೆಗೆ ಕಾಣಬೇಕು, ಓಡಲು ಜಾಗ ಬೇಕು, ತಿನ್ನಲು ಹುಲ್ಲು ಬೇಕು. ತೋಳ ಬಂದರೆ ಅದು ಪೊದೆಯಲ್ಲಿ ಅಡಗುವುದಿಲ್ಲ, ಓಡಿ ಪಾರಾಗುತ್ತದೆ. 'ಚಿಗರಿ ಹಂಗ ಓಡ್ತಾನ' ಅಂತ ನಾವು ಹುಡುಗರಿಗೆ ಅನ್ನುವುದು ಸುಮ್ಮನೆ ಅಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡಲು ಶುರುವಾದ ಬಿಆರ್‌ಟಿಎಸ್ ಬಸ್ಸಿಗೂ 'ಚಿಗರಿ' ಅಂತಲೇ ಹೆಸರಿಟ್ಟರು.

ನಮ್ಮ ಕಡೆ ಹೊಲಕ್ಕೆ ಹೋದವರನ್ನೂ 'ಅಡವಿಗೆ ಹೋಗ್ಯಾನ' ಅನ್ನುವುದುಂಟು. ನಮಗೆ ಅಡವಿ ಅಂದರೆ ಊರ ಹೊರಗಿನ ಹೊಲ, ಬೀಳು, ಹಳ್ಳದ ದಂಡೆ ಎಲ್ಲ. ಆ ಅರ್ಥದಲ್ಲಿ ಚಿಗರಿ ಅಡವಿಯ ಪ್ರಾಣಿಯೇ. ಆದರೆ ಆ ಅಡವಿಯನ್ನು ಪೇಪರಿನವರು 'ಕಾಡು' ಅಂತ ಬರೆದ ಕೂಡಲೇ ಓದುವವರ ಕಣ್ಣಿಗೆ ಬೇರೆಯೇ ಜಾಗ ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ಕಾಡು ಇದೆ. ಚಿಂಚೋಳಿಯ ಕುಂಚಾವರಂ ಕಡೆಯ ಗುಡ್ಡಗಳು, ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಪ್ರದೇಶ ನಮ್ಮ ಹೆಮ್ಮೆ. 2011ರಲ್ಲಿ ಅಲ್ಲಿನ ಸುಮಾರು 134 ಚದರ ಕಿಲೋಮೀಟರ್ ಜಾಗ ಚಿಂಚೋಳಿ ವನ್ಯಜೀವಿ ಧಾಮ ಆಯಿತು. ಒಣಭೂಮಿಯ ಧಾಮ ಅಂತ ಅದಕ್ಕೆ ಹೆಸರಿದೆ. ಆದರೆ ಸೇಡಂ, ಚಿತ್ತಾಪುರದ ಎರೆ ಹೊಲದಲ್ಲಿ ಮೇಯುವ ಚಿಗರಿ ಹಿಂಡು ಚಿಂಚೋಳಿ ಗುಡ್ಡದಿಂದ ದಾರಿ ತಪ್ಪಿ ಬಂದದ್ದಲ್ಲ. 'ಅವನ್ನು ಹಿಡಿದು ಕಾಡಿಗೆ ಬಿಡ್ರಿ' ಅನ್ನುವ ಬೇಡಿಕೆಯನ್ನು ನಾವು ಎಷ್ಟೋ ಸಲ ಸುದ್ದಿ ಮಾಡಿದ್ದೇವೆ. ಯಾವ ಕಾಡಿಗೆ? ಅದಕ್ಕೆ ಕಾಡು ಮನೆಯಲ್ಲ.

ಅದರ ಮನೆ ಇದ್ದದ್ದು ಗೈರಾಣದಲ್ಲಿ, ಬೀಳು ಬಿದ್ದ ಹೊಲದಲ್ಲಿ, ಹಳ್ಳದ ಬದಿಯ ಹುಲ್ಲಿನಲ್ಲಿ. ನಮ್ಮ ದನಗಳ ಜೊತೆಗೇ ಅವೂ ಮೇಯುತ್ತಿದ್ದವು. ಆ ಗೈರಾಣ ಈಗ ಎಷ್ಟು ಉಳಿದಿದೆ ಅಂತ ನಿಮ್ಮ ಊರಿನ ಲೆಕ್ಕ ನೀವೇ ಮಾಡಿ. ಒಂದಿಷ್ಟು ಸಾಗುವಳಿ ಆಯಿತು, ಒಂದಿಷ್ಟು ಕಲ್ಲಿನ ಗಣಿ ಆಯಿತು, ಒಂದಿಷ್ಟಕ್ಕೆ ಮನೆಗಳು ಬಂದವು. ಕಾಗದದಲ್ಲಿ ಅದು 'ಖರಾಬ್' ಜಮೀನು. ಜಮೀನಿಗೆ ಖರಾಬ್ ಅಂತ ಹೆಸರು, ಪ್ರಾಣಿಗೆ ಜಿಂಕೆ ಅಂತ ಹೆಸರು. ಈ ಎರಡು ಹೆಸರಿನ ನಡುವೆ ಚಿಗರಿಯ ಮನೆ ಯಾರ ಕಣ್ಣಿಗೂ ಬೀಳದೆ ಹೋಗುತ್ತಿದೆ.

ಇದರ ಹೊಡೆತ ಬೀಳುವುದು ರೈತನ ಮೇಲೆ. ಮಿರ್ಗ ಮಳೆ ಬಿದ್ದು ಹೆಸರು, ಉದ್ದು, ತೊಗರಿ ಮೊಳಕೆ ಒಡೆದ ಹೊತ್ತಿಗೆ ಚಿಗರಿ ಹಿಂಡು ಹೊಲಕ್ಕೆ ಇಳಿಯುತ್ತದೆ. ಹಳೆಯ ಸೀರೆ ಕಟ್ಟಿ, ತಾಟು ಬಡಿದು, ರಾತ್ರಿಯೆಲ್ಲ ಕಾದವರ ಕಷ್ಟ ನಮಗೆ ಗೊತ್ತು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಬೇನೆ ಯಾವುದು ಅಂತ ತಿಳಿಯದೆ ಔಷಧ ಕೊಡಲಾಗದು. ಕಾಡಂಚಿನ ಪ್ರಾಣಿಯಾದರೆ ಕಾಡಿನ ಸುತ್ತ ಬೇಲಿ ಹಾಕಬಹುದು. ಬಯಲಿನ ಪ್ರಾಣಿಗೆ ಯಾವ ಕಾಡಿನ ಸುತ್ತ ಬೇಲಿ ಹಾಕುವುದು? ಅದಕ್ಕೆ ಬೇರೆ ದಾರಿ ಹುಡುಕಬೇಕು. ಉಳಿದ ಗೈರಾಣದಲ್ಲಿ ಹುಲ್ಲು ಉಳಿಸುವುದು, ಬೇಸಿಗೆಯಲ್ಲಿ ಅಲ್ಲಿ ನೀರಿಡುವುದು, ಮೊಳಕೆಯ ದಿನಗಳಲ್ಲಿ ಹೊಲ ಕಾಯಲು ರೈತನಿಗೆ ನೆರವು, ಬೆಳೆ ಹೋದರೆ ತಡವಿಲ್ಲದ ಪರಿಹಾರ. ಇವುಗಳ ಬಗ್ಗೆ ಗ್ರಾಮಸಭೆಯಲ್ಲಿ ಮಾತು ಬರಬೇಕಾದರೆ ಮೊದಲು ಯಾವ ಪ್ರಾಣಿ ಅಂತ ಸರಿಯಾಗಿ ಹೇಳಬೇಕು.

ಎರಡನೇ ತೊಂದರೆ ಕಾನೂನಿನದು. 'ಕೃಷ್ಣಮೃಗ' ಎಂಬ ಮಾತು ಹಳ್ಳಿಯಲ್ಲಿ ಯಾರಿಗೂ ಗೊತ್ತಿಲ್ಲ ಅಂತಲ್ಲ. ಟಿವಿಯಿಂದ ಎಲ್ಲರಿಗೂ ಗೊತ್ತು. ಸಲ್ಮಾನ್ ಖಾನ್ ಕೇಸು ಅಂದರೆ ಸಾಕು. 1998ರಲ್ಲಿ ರಾಜಸ್ಥಾನದ ಜೋಧಪುರದ ಬಳಿ ನಡೆದ ಬೇಟೆಯ ಪ್ರಕರಣ ಅದು. 2018ರ ಏಪ್ರಿಲ್‌ನಲ್ಲಿ ಜೋಧಪುರದ ನ್ಯಾಯಾಲಯ ಆ ನಟನಿಗೆ 5 ವರ್ಷ ಶಿಕ್ಷೆ ವಿಧಿಸಿತು, ಅದರ ಮೇಲೆ ಅವರು ಮೇಲ್ಮನವಿ ಹೋದರು. ಚಹಾದಂಗಡಿಯಲ್ಲಿ ಇದರ ಬಗ್ಗೆ ಗಂಟೆಗಟ್ಟಲೆ ಮಾತಾಡಿದವರನ್ನೇ ನಾವು ಕೇಳಿದ್ದೇವೆ, 'ಆ ಕೃಷ್ಣಮೃಗ ಅಂದ್ರ ನಮ್ಮ ಚಿಗರಿನೇ ಅಂತ ಗೊತ್ತದ ಏನ್ರಿ?' ಅಂತ. ಕೆಲವರು ನಂಬಲೇ ಇಲ್ಲ. ಕೃಷ್ಣಮೃಗ ರಾಜಸ್ಥಾನದ್ದು, ಚಿಗರಿ ನಮ್ಮದು ಅಂತ ತಿಳಿದಿದ್ದರು.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಲ್ಲಿ ಚಿಗರಿ ಇರುವುದು ಅನುಸೂಚಿ 1ರಲ್ಲಿ, ಹುಲಿ, ಆನೆ ಇರುವ ಪಟ್ಟಿಯಲ್ಲೇ. ಅದರ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ದಂಡ. ಕಾಯ್ದೆಯ ಪ್ರಕಾರ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಉರುಲು ಹಾಕುವುದು, ಹಿಡಿಯುವುದು, ಬೆನ್ನಟ್ಟುವುದೂ ಬೇಟೆಯೇ. 'ಜಿಂಕಿ ಹಿಡದ್ರ ಏನಾಗ್ತದ' ಅಂತ ಹಗುರವಾಗಿ ತೆಗೆದುಕೊಂಡ ಹುಡುಗನಿಗೆ ಕೇಸಿನ ಕಾಗದದಲ್ಲಿ 'ಕೃಷ್ಣಮೃಗ' ಎಂಬ ಮಾತು ಕಂಡಾಗಲೇ ಅದು ಎಷ್ಟು ದೊಡ್ಡದು ಅಂತ ತಿಳಿಯುತ್ತದೆ. ಮೂರು ಹೆಸರೂ ಒಂದೇ ಪ್ರಾಣಿಗೆ ಸೇರಿದ್ದು ಅಂತ ಅವನಿಗೆ ಮೊದಲೇ ಹೇಳಬೇಕಾದವರು ನಾವು.

ಮೂರನೇದು ಮರಿಯ ವಿಷಯ. ಹೊಲದಲ್ಲಿ ಒಂಟಿಯಾಗಿ ಮಲಗಿದ ಮರಿ ಸಿಕ್ಕರೆ 'ತಾಯಿ ಬಿಟ್ಟು ಹೋದ ಜಿಂಕೆ ಮರಿ' ಅಂತ ಮನೆಗೆ ತಂದು ಹಾಲು ಕುಡಿಸುವವರುಂಟು. ಕರುಣೆಯಿಂದಲೇ ತರುತ್ತಾರೆ. ಅಂಥ ಫೋಟೊ ಹಾಕಿ 'ಮಾನವೀಯತೆ ಮೆರೆದ ರೈತ' ಅಂತ ನಾವೂ ಬರೆದಿದ್ದೇವೆ. ತಪ್ಪು ನಮ್ಮದು. ಚಿಗರಿ ತಾಯಿ ಮರಿಯನ್ನು ಮೊದಲ ದಿನಗಳಲ್ಲಿ ಹುಲ್ಲಿನಲ್ಲಿ ಅಡಗಿಸಿ ದೂರ ಮೇಯಲು ಹೋಗುತ್ತದೆ. ಮತ್ತೆ ಬಂದು ಹಾಲು ಕುಡಿಸುತ್ತದೆ. ಮರಿ ಅಲುಗದೆ ಮಲಗಿರುವುದೇ ಅದರ ರಕ್ಷಣೆ. ಎತ್ತಿಕೊಂಡು ಬಂದರೆ ತಾಯಿ ಇರುವ ಮರಿಯನ್ನು ನಾವೇ ತಬ್ಬಲಿ ಮಾಡಿದ ಹಾಗೆ. ಗಾಯ ಇಲ್ಲದಿದ್ದರೆ ಮುಟ್ಟದೆ ಬಿಟ್ಟುಬಿಡಿ, ನಾಯಿಗಳನ್ನು ದೂರ ಇಡಿ. ಗಾಯ ಇದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

'ಚಿಗರಿ ಅಂತ ಬರೆದರೆ ಮೈಸೂರು, ಮಂಗಳೂರಿನವರಿಗೆ ತಿಳಿಯುವುದಿಲ್ಲ' ಅಂತ ಡೆಸ್ಕಿನಲ್ಲಿ ಕೂತವರು ಹೇಳುವುದನ್ನು ಕೇಳಿದ್ದೇವೆ. ಅದರಲ್ಲೂ ಹುರುಳಿದೆ. ಅದಕ್ಕೆ ದಾರಿ ಸುಲಭ. ಮೊದಲ ಸಲ 'ಚಿಗರಿ (ಕೃಷ್ಣಮೃಗ)' ಅಂತ ಬರೆಯಿರಿ, ಆಮೇಲೆ ಚಿಗರಿ ಅಂದರೆ ಸಾಕು. ಇಲ್ಲಿನವರಿಗೆ ತಮ್ಮ ಪ್ರಾಣಿ ಗುರುತು ಸಿಗುತ್ತದೆ, ಅಲ್ಲಿನವರಿಗೆ ಹೊಸ ಮಾತು ಸಿಗುತ್ತದೆ, ಆಫೀಸಿನವರಿಗೆ ಕಾನೂನಿನ ಹೆಸರು ಸಿಗುತ್ತದೆ. ಮೂರು ಕೆಲಸಕ್ಕೆ ಒಂದೇ ಒಂದು ಮಾತು ಹೆಚ್ಚಾಯಿತು, ಅಷ್ಟೇ.

ರಾಜ್ಯದ ಬೇರೆ ಕಡೆ ಇದು ನಡೆದಿದೆ ಕೂಡ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಕಾಡು ವನ್ಯಧಾಮ ಆದದ್ದು ನಾಲ್ಕು ಕೊಂಬಿನ ಒಂದು ಸಣ್ಣ ಪ್ರಾಣಿಗಾಗಿ. ಅದಕ್ಕೆ ಕನ್ನಡದಲ್ಲಿ 'ಕೊಂಡಕುರಿ' ಅನ್ನುತ್ತಾರೆ. ಅದು ಕುರಿ ಅಲ್ಲ ನಿಜ. ಆದರೂ ಆ ಹೆಸರು ಹೇಳಿದರೆ ಅದು ಯಾವ ಪ್ರಾಣಿ ಅಂತ ಸುತ್ತಲಿನ ಜನಕ್ಕೂ ಇಲಾಖೆಗೂ ಒಟ್ಟಿಗೇ ತಿಳಿಯುತ್ತದೆ. ಅದನ್ನು ಯಾರೂ ಬರೀ ಜಿಂಕೆ ಮಾಡಲಿಲ್ಲ. ನಮ್ಮ ಚಿಗರಿಗೂ ಅಷ್ಟು ಮರ್ಯಾದೆ ಸಿಗಲಿ.

ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ. ಕನ್ನಡ ಒಂದೇ ಥರ ಇಲ್ಲ, ಹಲವು ಕನ್ನಡಗಳಿವೆ ಎಂಬ ಮಾತು ಅದರಲ್ಲೇ ಬರುತ್ತದೆ. ಆ ಮಾತು ಹುಟ್ಟಿದ ನೆಲದಲ್ಲಿ ಕೂತು ನಾವು ನಮ್ಮ ಕನ್ನಡ ಬರೆಯಲು ಹಿಂಜರಿಯುವುದು ಯಾಕೆ?

ಈ ಮುಂಗಾರಿನಿಂದ ನಮ್ಮ ಗುಂಪಿನವರು ಒಂದು ನಿಯಮ ಮಾಡಿಕೊಂಡಿದ್ದೇವೆ. ಫೋಟೊದಲ್ಲಿ ಕೊಂಬು, ಚುಕ್ಕೆ ನೋಡದೆ ಹೆಸರು ಬರೆಯುವುದಿಲ್ಲ. 'ಕಾಡಿನಿಂದ ನಾಡಿಗೆ' ಅಂತ ಸುಮ್ಮನೆ ಬರೆಯುವುದಿಲ್ಲ. ಗೊತ್ತಾಗದಿದ್ದರೆ ಆ ಊರಿನ ದನ ಕಾಯುವವರಿಗೋ ಕುರಿಗಾರರಿಗೋ ಫೋನ್ ಮಾಡಿ ಕೇಳುತ್ತೇವೆ.

ನಿಮ್ಮಲ್ಲೂ ಒಂದು ಕೋರಿಕೆ. ಫೋಟೊ ಕಳಿಸುವಾಗ ಜೊತೆಗೆ ಎರಡು ಮಾತು ಹೇಳಿ. ನಿಮ್ಮ ಊರಲ್ಲಿ ಆ ಪ್ರಾಣಿಗೆ ಏನಂತೀರಿ, ಮತ್ತು ಅದು ಎಲ್ಲಿ ಕಂಡಿತು: ಹೊಲದಲ್ಲೋ, ಗೈರಾಣದಲ್ಲೋ, ಗುಡ್ಡದಲ್ಲೋ. ಬರೆಯಲು ಬೇಸರವಾದರೆ ವಾಯ್ಸ್ ಮೆಸೇಜ್ ಹಾಕಿ, ಸಾಕು.

ಕಾಕಾಗೆ ಆಮೇಲೆ ನಾವೇ ಫೋನ್ ಮಾಡಿದೆವು. ತಪ್ಪಾಯಿತು, ಇನ್ನು ಮುಂದೆ ಚಿಗರಿ ಅಂತಲೇ ಬರೆಯುತ್ತೇವೆ ಅಂದೆವು. "ಬರೀರಿ, ಭಾಳ ಚಲೋ ಆತು" ಅಂದರು. ಆಮೇಲೆ ಕೇಳಿದರು: "ಹಂಗೇ ನನ್ನ ಎರಡು ಎಕರೆ ಹೆಸರು ತಿಂದದ್ದು ಯಾರು ಅಂತನೂ ಬರೀತೀರಿ ಇಲ್ಲೋ?"

ಬರೆಯುತ್ತೇವೆ ಕಾಕಾ. ಅದನ್ನೂ ಚಿಗರಿ ಅಂತಲೇ ಬರೆಯುತ್ತೇವೆ.